ಒಂದರೊಳಗೊಂದು ಎರಡು ಅಂಗಿ

ಗೆಳೆಯ ಜ್ಯಾಕ್ ತೀರಿಕೊಂಡ ಮೇಲೆ ಎನಿಸ್ ಅವನ ಹೆತ್ತವರ ಮನೆಗೆ ಹೋಗುತ್ತಾನೆ. ಜ್ಯಾಕ್‌ನ ಹಳೆಯ ಕೋಣೆಯ ಮೂಲೆಯಲ್ಲಿ ಮೊಳೆಗೆ ನೇತುಹಾಕಿದ ಒಂದು ಅಂಗಿ ಇದೆ. ತೋಳಿನ ಮೇಲೆ ಒಣಗಿದ ರಕ್ತದ ಕಲೆ. ಅದು ಎನಿಸ್‌ನದೇ ಮೂಗಿನಿಂದ ಸುರಿದ ರಕ್ತ. ಅಂಗಿ ಯಾಕೋ ಭಾರವಾಗಿದೆಯಲ್ಲ ಎಂದು ನೋಡಿದರೆ ಒಳಗೆ ಇನ್ನೊಂದು ಅಂಗಿ, ತೋಳಿನೊಳಗೆ ತೋಳು ತೂರಿಸಿಟ್ಟದ್ದು. ಎಂದೋ ಕಳೆದುಹೋಯಿತು ಎಂದುಕೊಂಡಿದ್ದ ಎನಿಸ್‌ನ ಅಂಗಿ!

ಇದು ಆ್ಯನಿ ಪ್ರೂ ಬರೆದ ‘ಬ್ರೋಕ್‌ಬ್ಯಾಕ್ ಮೌಂಟನ್’ ಕತೆ. 1997ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬಂತು, 2005ರಲ್ಲಿ ಸಿನಿಮಾ ಆಯಿತು. ಗಂಡು ಗಂಡಿನ ಪ್ರೇಮದ ಕತೆಗಳನ್ನು ಜನ ಯಾಕೆ ಇಷ್ಟಪಟ್ಟು ಓದುತ್ತಾರೆ ಎಂಬುದಕ್ಕೆ ಅರ್ಧ ಉತ್ತರ ಆ ಎರಡು ಅಂಗಿಗಳಲ್ಲೇ ಇದೆ. ಬಾಯಿಬಿಟ್ಟು ಹೇಳಲಾಗದ ಕಡೆ ವಸ್ತುಗಳು ಮಾತಾಡುತ್ತವೆ. ನೋಟ, ತಡವರಿಕೆ, ಅರ್ಧಕ್ಕೆ ನಿಂತ ಮಾತು, ಇವುಗಳ ಅರ್ಥ ಬಿಡಿಸುವ ಕೆಲಸ ಓದುಗರ ಪಾಲಿಗೆ ಬರುತ್ತದೆ. ಸಣ್ಣಕತೆಯ ಕಸುಬೂ ಅದೇ ಆದ್ದರಿಂದ ಇಂಥ ಪ್ರೇಮ ಅದಕ್ಕೆ ಚೆನ್ನಾಗಿ ಹೊಂದಿಕೊಂಡಿತು.

ಕೊನೆಯ ಮೇಲಿನ ಜಗಳ

ಉತ್ತರದ ಇನ್ನರ್ಧ ಕತೆಯ ಮುಕ್ತಾಯಕ್ಕೆ ಸಂಬಂಧಿಸಿದ್ದು. ಜ್ಯಾಕ್ ಸಾಯುವುದನ್ನು ಒಪ್ಪದ ಓದುಗರು ತಾವೇ ಸುಖಾಂತ ಬರೆದು ಪ್ರೂ ಅವರಿಗೆ ಕಳಿಸತೊಡಗಿದರು. ಅವರಿಗೆ ಇದು ಎಷ್ಟು ರೇಜಿಗೆಯಾಯಿತೆಂದರೆ ಈ ಕತೆ ಬರೆಯದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಸಂದರ್ಶನವೊಂದರಲ್ಲಿ ಹೇಳಿಕೊಂಡರು. ಲೇಖಕಿಯ ಸಿಟ್ಟು ನ್ಯಾಯವೇ. ಓದುಗರ ಹಟಕ್ಕೂ ಕಾರಣವಿತ್ತು: ಇಂಥ ಪ್ರೇಮಿಗಳು ಕೊನೆಗೆ ಸಾಯುವುದನ್ನು ಅವರು ಎಷ್ಟೋ ಸಲ ಓದಿದ್ದರು.

ಇ. ಎಂ. ಫಾರ್ಸ್ಟರ್‌ಗೆ ಈ ಕಷ್ಟ ಮೊದಲೇ ಗೊತ್ತಿತ್ತು. 1913–14ರಲ್ಲಿ ಬರೆದ ‘ಮಾರಿಸ್’ ಕಾದಂಬರಿಯಲ್ಲಿ ಪ್ರೇಮಿಗಳು ಒಂದಾಗಲೇಬೇಕು ಎಂದು ಪಟ್ಟು ಹಿಡಿದರು. ದುರಂತವಾಗಿದ್ದರೆ ಅಚ್ಚು ಹಾಕಿಸುವುದು ಸುಲಭವಿತ್ತು ಎಂದು ಅವರೇ ಬರೆದಿದ್ದಾರೆ. ಪುಸ್ತಕ ಹೊರಬಂದದ್ದು ಅವರು ತೀರಿಕೊಂಡ ಮರುವರ್ಷ, 1971ರಲ್ಲಿ.

ಓದುವವರು ಯಾರು?

ಸಲಿಂಗಿ ಗಂಡಸರು ಮಾತ್ರ ಎಂದುಕೊಂಡರೆ ತಪ್ಪು. 1974ರಲ್ಲಿ ‘ಸ್ಟಾರ್ ಟ್ರೆಕ್’ ಎಂಬ ಟಿವಿ ಸರಣಿಯ ಅಭಿಮಾನಿಗಳ ಕಿರುಪತ್ರಿಕೆಯೊಂದರಲ್ಲಿ ಆ ಸರಣಿಯ ಪಾತ್ರಗಳಾದ ಕರ್ಕ್ ಮತ್ತು ಸ್ಪಾಕ್ ಜೋಡಿಯ ಪುಟ್ಟ ಪ್ರೇಮಕತೆ ಬಂತು. ಬರೆದವರು ಮಹಿಳೆ. ಆಮೇಲೆ ಇಂಥ ಕತೆಗಳ ಹೊಳೆಯೇ ಹರಿಯಿತು. ಬರೆದವರೂ ಓದಿದವರೂ ಹೆಚ್ಚಾಗಿ ಹೆಂಗಸರೇ. ಪ್ರೇಮಿಗಳಿಬ್ಬರೂ ಗಂಡಸರಾದಾಗ ಯಾರು ಬೇಡಬೇಕು, ಯಾರು ನಾಚಬೇಕು, ಯಾರು ಮನೆ ನೋಡಿಕೊಳ್ಳಬೇಕು ಎಂಬುದು ಮೊದಲೇ ತೀರ್ಮಾನವಾಗಿರುವುದಿಲ್ಲ. ಕತೆಯೇ ಅದನ್ನು ಹೊಸದಾಗಿ ಕಂಡುಕೊಳ್ಳಬೇಕು.

ನಮ್ಮ ಮೋಹನಸ್ವಾಮಿ

ಕನ್ನಡದಲ್ಲಿ ಈ ಮಾತು ಬಂದಾಗ ನೆನಪಾಗುವುದು ಸಂಡೂರಿನ ವಸುಧೇಂದ್ರ ಅವರ ‘ಮೋಹನಸ್ವಾಮಿ’. ಈ ಕಥಾಸಂಕಲನ ಬಂದದ್ದು 2013ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಸೆಕ್ಷನ್ನನ್ನು ಎತ್ತಿಹಿಡಿಯಿತು. ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲ ಎಂಬ ತೀರ್ಪಿಗೆ 2018ರ ಸೆಪ್ಟೆಂಬರ್ 6ರವರೆಗೆ ಕಾಯಬೇಕಾಯಿತು.

ಮೋಹನಸ್ವಾಮಿಯ ಸಂಗಾತಿ ಕಾರ್ತಿಕ್ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಡುತ್ತಾನೆ. ಮದುವೆ ನಮ್ಮೂರುಗಳಲ್ಲಿ ಎಲ್ಲರೂ ಹಾರೈಸುವ ಸುಖಾಂತ. ಇಲ್ಲಿ ಅದೇ ವಾಲಗ ಒಬ್ಬನ ಎದೆಗೆ ಇರಿಯುತ್ತದೆ. ಸಲಿಂಗಿಯಲ್ಲದ ಓದುಗರಿಗೂ ಈ ಕತೆ ಮುಟ್ಟಿದ್ದು ಇದರಿಂದಲೇ. ಕೈಬಿಟ್ಟು ಹೋದವರ ನೋವು ಯಾರಿಗೆ ಗೊತ್ತಿಲ್ಲ? ಆದರೆ ಆ ನೋವನ್ನು ಅಮ್ಮನ ಹತ್ತಿರವೂ ಹೇಳಿಕೊಳ್ಳಲಾಗದವನ ಪಾಡು ಹಲವರಿಗೆ ಹೊಸದು.

ಈ ಮೋಹನಸ್ವಾಮಿ ಕೊನೆಗೆ ಕಿಲಿಮಂಜಾರೋ ಪರ್ವತ ಹತ್ತುತ್ತಾನೆ. ಜೊತೆಗೆ ಪ್ರೇಮಿ ಇಲ್ಲ, ಆದರೆ ಅವನು ಸಾಯುವುದೂ ಇಲ್ಲ. ಪ್ರೂಗೆ ಕಾಗದ ಬರೆದ ಓದುಗರು ಕೇಳಿದ್ದೂ ಮೊದಲಿಗೆ ಇಷ್ಟನ್ನೇ.