ಒಂದು ಬೆರಳಿನ ಎಡೆ

ಹುಬ್ಬಳ್ಳಿಯ ದುರ್ಗದಬೈಲಿನ ಬಟ್ಟೆಯಂಗಡಿಗಳ ಸಾಲನ್ನೂ, ಸಂಜೆಯಾಗುತ್ತಲೇ ಮಿರ್ಚಿಯ ಘಾಟನ್ನೆಬ್ಬಿಸುವ ಬಂಡಿಗಳನ್ನೂ ದಾಟಿ ಸಮೀಪದ ಓಣಿಯೊಂದನ್ನು ಹೊಕ್ಕರೆ, ತುಕ್ಕುಹಿಡಿದ ಕೊಳವೆಗಳ ರಾಶಿಯ ನಡುವೆ ಕುಳಿತು, ಪರದೇಶದಲ್ಲಿ ತಯಾರಾದ ಭಾಗಗಳನ್ನು ನಮ್ಮ ಗಾಡಿಗಳಿಗೆ ಒಗ್ಗಿಸುವ ವೃದ್ಧ ಸೈಲೆನ್ಸರ್ ಮಿಸ್ತ್ರಿಯೊಬ್ಬರನ್ನು ಕಾಣಬಹುದು.

1727ರಲ್ಲಿ ಬಸಪ್ಪಶೆಟ್ಟರು ಕೋಟೆ ಕಟ್ಟಿಸಿ ಬೆಳೆಸಿದ ಹೊಸ ಹುಬ್ಬಳ್ಳಿಗೆ 1885ರಲ್ಲಿ ರೈಲ್ವೆ ಕಾರ್ಯಾಗಾರವು ಬಂದಿತು. ಅಲ್ಲಿ ಪಳಗಿದ ಕೈಗಳಿಂದಲೇ ಲೋಹವಿದ್ಯೆಯು ಊರಿನ ಓಣಿಗಳಿಗೆ ಇಳಿದು, ಮೊದಲು ಲಾರಿಗಳನ್ನೂ ಅನಂತರ ಪ್ರೀಮಿಯರ್ ಪದ್ಮಿನಿಗಳನ್ನೂ ಪೋಷಿಸಿತೆಂಬುದು ಅವರು ಹೇಳುವ ಇತಿಹಾಸ.

ವೇಗಪ್ರಿಯರಾದ ತರುಣರು, 2004ರಲ್ಲಿ ನಮ್ಮ ದೇಶಕ್ಕೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನಂಥ ಟರ್ಬೊ ಕಾರುಗಳಿಗೆ, ಎಂಜಿನಿನ ನಿಶ್ವಾಸವು ನಿರಾತಂಕವಾಗಲೆಂದು ಅಗಲವಾದ ಕೊಳವೆಗಳನ್ನು ತರಿಸುವರು. ಎಡಗಡೆ ಸ್ಟಿಯರಿಂಗ್ ಇರುವ ದೇಶಗಳ ಕಾರಿಗೆಂದು ಮಾಡಿದ ಕೊಳವೆ ನಮ್ಮ ಕಾರಿನಲ್ಲಿ ಸ್ಟಿಯರಿಂಗ್ ದಂಡಕ್ಕೆ ತಾಗುವುದುಂಟು. ವ್ಯಾಸ ಹೆಚ್ಚಿದುದರಿಂದ ಶಾಖತಡೆಯ ತಗಡಿಗೋ ಹಿಂದಿನ ಅಚ್ಚಿಗೋ ಬಡಿಯುವುದೂ ಉಂಟು. ನಿಂತಾಗ ಮೌನವಾಗಿರುವ ಗಾಡಿಯು ಗೇರು ಬದಲಿಸಿದೊಡನೆ ಗಡಗಡಿಸುವುದು, ಅಡ್ಡಲಾಗಿ ಕೂಡಿಸಿದ ಎಂಜಿನು ಆಗ ಹಿಂದುಮುಂದಾಗಿ ತೂಗುವುದರಿಂದ.

ಮಿಸ್ತ್ರಿಯವರು ಮೊದಲು ಎಲ್ಲ ಕ್ಲಾಂಪುಗಳನ್ನೂ ಸಡಿಲಿಸಿ, ಕೊಳವೆಯನ್ನು ರಬ್ಬರ್ ಹ್ಯಾಂಗರುಗಳ ಮೇಲೆ ತಾನಾಗಿ ತೂಗಲು ಬಿಟ್ಟು, ಎಂಜಿನಿನ ಕಡೆಯಿಂದ ಹಿಂದಕ್ಕೆ ಒಂದೊಂದಾಗಿ ಬಿಗಿಯುತ್ತ ಬರುತ್ತಾರೆ. ಅನಂತರ ಕೊಳವೆಗೂ ಮೈತಗಡಿಗೂ ನಡುವೆ ಜೇಡಿಮಣ್ಣಿನ ಉಂಡೆಗಳನ್ನಿಟ್ಟು, ಎಂಜಿನನ್ನು ಸನ್ನೆಗೋಲಿನಿಂದ ತೂಗಿಸಿ, ಉಂಡೆಗಳನ್ನು ಹೊರತೆಗೆದು ಅವುಗಳ ದಪ್ಪವನ್ನು ತಮ್ಮ ಕಿರುಬೆರಳಿಗೆ ಹಿಡಿದು ನೋಡುವ ಆ ಕ್ರಮವನ್ನು ಕಾಣಲೆಂದೇ ನಾನು ಅಲ್ಲಿಗೆ ಹೋದುದು. ಉಂಡೆಯು ಬೆರಳಿಗಿಂತ ತೆಳುವಾಗಿದ್ದರೆ ಹ್ಯಾಂಗರಿನ ಸರಳನ್ನು ಕೊಂಚ ಬಾಗಿಸುವರು. ಸಾಲದೆ ಹೋದರೆ ಕೊಳವೆಯ ಒಂದು ಪಾರ್ಶ್ವವನ್ನು ಅಂಡಾಕಾರಕ್ಕೆ ಒತ್ತುವರು. ಕತ್ತರಿಸಿ ಬೆಸುಗೆ ಹಾಕುವುದು ಕಡೆಯ ಉಪಾಯ. ಪೆಟ್ರೋಲ್ ಟ್ಯಾಂಕಿನ ಬಳಿಯ ಶಾಖತಡೆಯನ್ನು ಕತ್ತರಿಸಲು ಮಾತ್ರ ಎಷ್ಟು ಹಣ ಕೊಟ್ಟರೂ ಒಪ್ಪರು. ಇಷ್ಟು ಎಡೆ ಏಕೆಂದು ಕೇಳಿದರೆ, “ಬಿಸಿ ಆದ್ರ ಪೈಪು ಬೆಳೀತದ್ರಿ” ಎನ್ನುತ್ತಾರೆ. ಎರಡು ಮೀಟರಿನ ಸ್ಟೇನ್‌ಲೆಸ್ ಉಕ್ಕಿನ ಕೊಳವೆಯು 300 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾದರೆ ಸುಮಾರು 10 ಮಿಲಿಮೀಟರ್ ಉದ್ದವಾಗುವುದೆಂಬ ಭೌತಶಾಸ್ತ್ರದ ಲೆಕ್ಕವು ಅವರ ಬೆರಳಿನ ಲೆಕ್ಕಕ್ಕೆ ಬಹುಮಟ್ಟಿಗೆ ಹೊಂದುತ್ತದೆ.

ಗಾಡಿಯನ್ನು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿರ್ಬಂಧಿಸುತ್ತದೆ. ಕರ್ಕಶ ಸೈಲೆನ್ಸರುಗಳ ಮೇಲೆ ಪೊಲೀಸರು ರೋಡ್ ರೋಲರ್ ಹರಿಸುವ ದೃಶ್ಯವೂ ನಮಗೆ ಅಪರಿಚಿತವಲ್ಲ. ಸದ್ದೆಬ್ಬಿಸಲೆಂದೇ ಸೈಲೆನ್ಸರ್ ಕೀಳಿಸಲು ಬಂದವರನ್ನು ಹಿಂದಕ್ಕೆ ಕಳುಹಿಸುವ ಈ ಮಿಸ್ತ್ರಿಯವರಿಗೂ ಆ ಕೆಟ್ಟ ಹೆಸರಿನ ಪಾಲು ತಟ್ಟಿದೆ. 2020ರಲ್ಲಿ ಹೊಗೆ ನಿಯಂತ್ರಣದ ಬಿಎಸ್ 6 ಮಾನದಂಡವು ಬಂದ ಮೇಲೆ ಕೊಳವೆಯ ತಪಾಸಣೆಯು ಬಹುಮಟ್ಟಿಗೆ ಸಂವೇದಕಗಳ ಪಾಲಾಯಿತು. ವಿದ್ಯುತ್ ಕಾರಿಗಂತೂ ಈ ಕೊಳವೆಯೇ ಇಲ್ಲ.

ಕೆಟ್ಟ ಭಾಗವನ್ನು ಕಳಚಿ ಹೊಸದನ್ನು ಹಾಕುವವರು ಮುಂದೆಯೂ ದೊರೆತಾರು. ಒಗ್ಗದುದನ್ನು ಒಗ್ಗಿಸುವ ತಾಳ್ಮೆಯನ್ನು ಕಲಿಸುವವರು ಯಾರು? ಐಟಿಐ ಓದುವ ನಾಲ್ಕು ಹುಡುಗರು ವಾರಕ್ಕೊಂದು ಸಂಜೆ ಬಂದು ಕುಳಿತರೆ ಸಂಬಳವಿಲ್ಲದೆ ಕಲಿಸುವೆನೆನ್ನುತ್ತಾರೆ ಮಿಸ್ತ್ರಿಯವರು. ಈವರೆಗೆ ಒಬ್ಬನೂ ಬಂದಿಲ್ಲ.