ಮಾತ್ರೆ ಮಿದುಳನ್ನು ತಲುಪಿತೇ?

ಮರೆಗುಳಿತನಕ್ಕೆ ತುತ್ತಾದ ಹಿರಿಯರಿಗೆ ರಾತ್ರಿ ಮಲಗುವ ಮುನ್ನ ಡೊನೆಪೆಜಿಲ್ ಎಂಬ ಮಾತ್ರೆಯನ್ನು ಕೊಡುವ ಮನೆಗಳು ಇಂದು ಅನೇಕ. ತಿಂಗಳುಗಳು ಕಳೆದರೂ ಅವರು ಮಗನನ್ನು ತಮ್ಮನ ಹೆಸರಿನಿಂದಲೇ ಕರೆಯುತ್ತಿದ್ದರೆ, ಔಷಧವು ಮಿದುಳನ್ನು ತಲುಪುತ್ತಿದೆಯೋ ಇಲ್ಲವೋ ಎಂಬ ಸಂದೇಹ ಮೂಡುವುದು ಸಹಜ. ವಿಜ್ಞಾನಿಗಳೂ ಇದನ್ನೇ ಕೇಳಿಕೊಂಡರು. ಉತ್ತರಕ್ಕಾಗಿ ಔಷಧದ ಅಣುವಿಗೇ ಗುರುತು ಹಾಕಿದರು.

ನರಕೋಶಗಳ ನಡುವೆ ಸಂದೇಶವನ್ನು ಒಯ್ಯುವ ರಾಸಾಯನಿಕಗಳಲ್ಲಿ ಅಸಿಟೈಲ್‌ಕೋಲಿನ್ ಒಂದು. ನೆನಪಿಗೂ ಗಮನಕ್ಕೂ ಅದು ಬೇಕು. ಆಲ್‌ಝೈಮರ್ ಕಾಯಿಲೆಯಲ್ಲಿ ಅದನ್ನು ತಯಾರಿಸುವ ಕೋಶಗಳೇ ನಶಿಸುತ್ತವೆ. ಸಂದೇಶ ಮುಟ್ಟಿದೊಡನೆ ಅದನ್ನು ಒಡೆದುಹಾಕುವ ಕಿಣ್ವ ಕೋಲಿನ್‌ಎಸ್ಟರೇಸ್. ಈ ಕಿಣ್ವವನ್ನು ತಡೆದರೆ, ಉಳಿದ ಅಲ್ಪಸ್ವಲ್ಪ ಅಸಿಟೈಲ್‌ಕೋಲಿನ್ ತುಸು ಹೆಚ್ಚು ಹೊತ್ತು ನಿಲ್ಲುತ್ತದೆ. ಡೊನೆಪೆಜಿಲ್ ಮಾಡುವುದು ಇಷ್ಟನ್ನೇ. ಜಪಾನಿನಲ್ಲಿ ಇದನ್ನು ರೂಪಿಸಿದ ತಂಡದ ನಾಯಕ ಹಚಿರೊ ಸುಗಿಮೊಟೊ ಅವರ ತಾಯಿಯೂ ಮರೆಗುಳಿತನದಿಂದ ಬಳಲಿದವರೇ.

ಒಂದೇ ಮೂಲವಸ್ತುವಿನ ಪರಮಾಣುಗಳು ತೂಕದಲ್ಲಿ ಭಿನ್ನವಾಗಿರಬಹುದು, ಅವೇ ಐಸೊಟೋಪುಗಳು. ಸಾಮಾನ್ಯ ಜಲಜನಕದ ಬದಲು ಅದರ ಎರಡರಷ್ಟು ತೂಗುವ ಡ್ಯೂಟೀರಿಯಂ ಸೇರಿಸಿದ ಡೊನೆಪೆಜಿಲ್ ವಿಕಿರಣ ಸೂಸದು. ರೋಗಿಯಿಂದ ತೆಗೆದ ರಕ್ತದ ಮಾದರಿಗೆ ಅದನ್ನು ಅಳೆದು ಬೆರೆಸಿ, ಭಾರದ ಅಣುವನ್ನೂ ಹಗುರ ಅಣುವನ್ನೂ ಯಂತ್ರದಲ್ಲಿ ಹೋಲಿಸಿದರೆ, ಗೊತ್ತಿರುವ ಬಟ್ಟನ್ನಿಟ್ಟು ತಕ್ಕಡಿಯಲ್ಲಿ ತೂಗಿದಂತೆ, ರಕ್ತದಲ್ಲಿ ಔಷಧವೆಷ್ಟಿದೆ ಎಂಬುದು ತಿಳಿಯುತ್ತದೆ.

ಆದರೆ ರಕ್ತದಲ್ಲಿದ್ದ ಮಾತ್ರಕ್ಕೆ ಮಿದುಳಿನಲ್ಲಿಯೂ ಅದು ಕೆಲಸ ಮಾಡುತ್ತಿದೆ ಎನ್ನಲಾಗದು. ಅದನ್ನರಿಯಲು ವಿಕಿರಣ ಸೂಸುವ ಇಂಗಾಲ-11 ಬೇಕಾಯಿತು. ಇದು ಸುಮಾರು 20 ನಿಮಿಷಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಸೈಕ್ಲೋಟ್ರಾನ್ ಯಂತ್ರದಲ್ಲಿ ಅದನ್ನು ತಯಾರಿಸಿ, ಅಣುವಿಗೆ ಜೋಡಿಸಿ, ಶುದ್ಧೀಕರಿಸಿ, ರೋಗಿಯ ರಕ್ತನಾಳಕ್ಕೆ ಸೇರಿಸುವವರೆಗಿನ ಕೆಲಸವೆಲ್ಲ ಬಹು ತ್ವರಿತವಾಗಿ ನಡೆಯಬೇಕು. ಅನಂತರ ಪೆಟ್ ಸ್ಕ್ಯಾನ್ ಅದರ ಜಾಡು ಹಿಡಿಯುತ್ತದೆ. ಹೀಗೆ ಗುರುತಿಸಿದ ಡೊನೆಪೆಜಿಲ್ ರೋಗಿಗಳ ಮಿದುಳಿನಲ್ಲಿ ಎಲ್ಲೆಲ್ಲಿ ಅಂಟುತ್ತದೆ ಎಂಬುದನ್ನು ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದರು. ಆಲ್‌ಝೈಮರ್ ರೋಗಿಗಳಲ್ಲಿ ಆ ಅಂಟುವಿಕೆ ಕಡಿಮೆಯಾಗಿತ್ತು.

ಇದಕ್ಕೂ ಮೊದಲು ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದವರು ಈ ಕಿಣ್ವವು ಒಡೆಯಬಲ್ಲ ಬೇರೊಂದು ಅಣುವಿಗೆ ಇಂಗಾಲ-11 ಜೋಡಿಸಿ, ಕಿಣ್ವದ ಚಟುವಟಿಕೆಯನ್ನೇ ಅಳೆದಿದ್ದರು. 2000ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ದಿನಕ್ಕೆ 5 ಅಥವಾ 10 ಮಿಲಿಗ್ರಾಂ ಸೇವಿಸುತ್ತಿದ್ದವರ ಮಿದುಳಿನ ಹೊರಪದರದಲ್ಲಿ ಚಟುವಟಿಕೆ ತಗ್ಗಿದ್ದು ಸರಾಸರಿ ಶೇಕಡಾ 27ರಷ್ಟು ಮಾತ್ರ. ರಕ್ತಕಣಗಳ ಪರೀಕ್ಷೆಯಿಂದ ಊಹಿಸಿದ್ದು ಇದರ ಸುಮಾರು ಎರಡರಷ್ಟು!

ಈ ಅಂಕಿಯನ್ನು ಮನೆಯವರೂ ತಿಳಿದಿರುವುದು ಒಳಿತೆಂದು ನಾವು ಭಾವಿಸುತ್ತೇವೆ. ಔಷಧ ಮಿದುಳನ್ನು ತಲುಪುತ್ತದೆ, ಸ್ವಲ್ಪಮಟ್ಟಿಗೆ ಕೆಲಸವನ್ನೂ ಮಾಡುತ್ತದೆ. ಸತ್ತ ಕೋಶವನ್ನು ಮರಳಿಸಲಾರದು. ಹೆಸರು ಮರೆತರೆಂದು ಹಿರಿಯರನ್ನು ಗದರುವುದರಲ್ಲಿ ಅರ್ಥವಿಲ್ಲ. ಮಾತ್ರೆಯನ್ನು ನಾವೇ ಇಮ್ಮಡಿಗೊಳಿಸುವುದಂತೂ ಅಪಾಯಕರ. ಅಸಿಟೈಲ್‌ಕೋಲಿನ್ ಕರುಳಿನಲ್ಲಿಯೂ ಹೃದಯದಲ್ಲಿಯೂ ಕೆಲಸ ಮಾಡುವುದರಿಂದ ವಾಕರಿಕೆ, ಭೇದಿ, ನಾಡಿಬಡಿತದ ಇಳಿಕೆ, ತಲೆಸುತ್ತಿ ಬೀಳುವುದು ಉಂಟಾಗಬಹುದು. ವೈದ್ಯರನ್ನು ಕೇಳದೆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದೂ ಸಲ್ಲದು. ಊಟ ತಗ್ಗಿದ್ದು, ತೂಕ ಇಳಿದದ್ದು, ಬಿದ್ದದ್ದು ಇವನ್ನೆಲ್ಲ ಬರೆದಿಟ್ಟುಕೊಂಡು ಮುಂದಿನ ಭೇಟಿಯಲ್ಲಿ ಅವರ ಗಮನಕ್ಕೆ ತರಬೇಕು.