ತಲೆಸುತ್ತಿನ ಬೇರು ಕರುಳಿನಲ್ಲಿರಬಹುದು

ಕೂತವರು ಎದ್ದೊಡನೆ ಕಣ್ಣು ಕತ್ತಲೆಗಟ್ಟುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ತಲೆ ತಿರುಗುತ್ತದೆ, ರಾತ್ರಿ ದಿಂಬಿಗೆ ತಲೆ ಕೊಟ್ಟರೆ ಕಿವಿಯೊಳಗೆ ಏನೋ ಗುಂಯ್‌ಗುಡುತ್ತದೆ. ತೋಟ, ಗದ್ದೆಗಳಲ್ಲಿ ದುಡಿಯುವವರು, ಅದರಲ್ಲೂ ಹೆಂಗಸರು, ಹೀಗೆ ಹೇಳಿಕೊಂಡರೆ ಮನೆಯವರು ‘ಪಿತ್ತ ಆಗಿರಬೇಕು’ ಅನ್ನುತ್ತಾರೆ. ಔಷಧದ ಅಂಗಡಿಯವರು ತಲೆಸುತ್ತಿನ ಮಾತ್ರೆ ಕೊಡುತ್ತಾರೆ. ಎರಡು ದಿನ ಹಾಯೆನಿಸಿ ಮತ್ತೆ ಅದೇ ಪಾಡು. ತಲೆಸುತ್ತು, ಕಿವಿಯ ಸದ್ದು, ಬಿಡದ ಸುಸ್ತು ಈ ಮೂರೂ ಒಟ್ಟಿಗೆ ಇದ್ದವರಲ್ಲಿ ಮೊದಲು ನೋಡಬೇಕಾದದ್ದು ರಕ್ತವನ್ನು. ರಕ್ತ ಕಡಿಮೆ ಇದ್ದು, ಅವರು ಬರಿಗಾಲಲ್ಲಿ ಹಸಿಮಣ್ಣು ತುಳಿಯುವವರಾದರೆ, ಕರುಳಿನ ಕೊಕ್ಕೆಹುಳುವನ್ನೂ ಹುಡುಕಲೇಬೇಕು.

ಕೊಕ್ಕೆಹುಳು ಒಂದು ಸೆಂಟಿಮೀಟರ್ ಉದ್ದದ, ದಾರದಂಥ ಜೀವಿ. ಮಲದೊಂದಿಗೆ ಮಣ್ಣು ಸೇರಿದ ಮೊಟ್ಟೆ ಒಡೆದು ಮರಿಯಾಗುತ್ತದೆ. ನೆರಳು, ತೇವ ಇರುವ ಮಣ್ಣಿನಲ್ಲಿ ಅದು ವಾರಗಟ್ಟಲೆ ಬದುಕಿದ್ದು, ಬರಿಗಾಲು ತಾಗಿದೊಡನೆ ಚರ್ಮ ಕೊರೆದು ಒಳಸೇರುತ್ತದೆ. ಬೆರಳ ಸಂದಿಯ ಒಂದಿಷ್ಟು ತುರಿಕೆ ಬಿಟ್ಟರೆ ಬೇರೆ ಸುಳಿವಿಲ್ಲ. ಅಲ್ಲಿಂದ ರಕ್ತದಲ್ಲಿ ಶ್ವಾಸಕೋಶಕ್ಕೆ, ಗಂಟಲಿಗೆ ಏರಿ, ಉಗುಳಿನ ಜೊತೆ ನುಂಗಲ್ಪಟ್ಟು ಸಣ್ಣಕರುಳಿಗೆ ಇಳಿದು, ಗೋಡೆ ಕಚ್ಚಿ ಕೂರುತ್ತದೆ. ಎರಡು ಮುಖ್ಯ ಜಾತಿಗಳಲ್ಲಿ ದೊಡ್ಡದು ದಿನಕ್ಕೆ ಸುಮಾರು 0.2 ಮಿಲಿಲೀಟರ್ ರಕ್ತ ಹೀರುತ್ತದೆ. ಸಣ್ಣದು ಹೀರುವುದು ಇದಕ್ಕಿಂತ ಬಹಳ ಕಡಿಮೆ, ಆದರೆ ವರ್ಷಗಟ್ಟಲೆ ಬದುಕುತ್ತದೆ. ದೊಡ್ಡ ಜಾತಿಯ 50 ಹುಳು ಇದ್ದವರು ತಿಂಗಳಿಗೆ ಸುಮಾರು 300 ಮಿಲಿಲೀಟರ್ ರಕ್ತ ಕಳೆದುಕೊಳ್ಳುತ್ತಾರೆ. ರಕ್ತದಾನದಲ್ಲಿ ಒಮ್ಮೆಗೆ ತೆಗೆಯುವುದು 350 ಮಿಲಿಲೀಟರ್, ಅದೂ ಗಂಡಸರಿಗಾದರೆ ಮೂರು ತಿಂಗಳ ಬಿಡುವು ಕೊಟ್ಟು. ಸೋರಿದ ಕಬ್ಬಿಣದಲ್ಲಿ ಸ್ವಲ್ಪವನ್ನು ಕರುಳು ಮತ್ತೆ ಹೀರಿಕೊಳ್ಳುತ್ತದೆ, ನಿಜ. ಆದರೂ ಅನ್ನ, ಮುದ್ದೆ, ಸೊಪ್ಪಿನ ಊಟದಿಂದ ದಿನಕ್ಕೆ ಮೈಗೆ ಹತ್ತುವುದು ಒಂದೆರಡು ಮಿಲಿಗ್ರಾಂ ಕಬ್ಬಿಣ ಮಾತ್ರ. ಈ ಲೆಕ್ಕ ಸರಿತೂಗುವುದಿಲ್ಲ.

ಕರುಳಿನ ಕಾಯಿಲೆಗೂ ಕಿವಿಗೂ ಏನು ನಂಟು ಎಂದು ಕೇಳಬಹುದು. ಹಿಮೋಗ್ಲೋಬಿನ್ ಇಳಿದಾಗ ಮಿದುಳಿಗೆ ಸಾಲುವಷ್ಟು ಆಮ್ಲಜನಕ ಮುಟ್ಟಿಸಲು ಹೃದಯ ಜೋರಾಗಿ ಬಡಿಯುತ್ತದೆ. ತಟ್ಟನೆ ಎದ್ದಾಗ, ಏರು ಹತ್ತಿದಾಗ ಅದೂ ಸಾಲದೆ ತಲೆ ಸುತ್ತುತ್ತದೆ. ತೆಳುವಾದ ರಕ್ತ ಭರದಿಂದ ಓಡುವಾಗ, ಇಳಿಜಾರಿನ ಕಾಲುವೆಯ ನೀರಿನಂತೆ, ಸುಳಿಸುಳಿದು ಸದ್ದು ಮಾಡುತ್ತದೆ. ಕುತ್ತಿಗೆಯ ದೊಡ್ಡ ರಕ್ತನಾಳಗಳು ಕಿವಿಗೆ ತೀರ ಹತ್ತಿರ ಇರುವುದರಿಂದ ರಾತ್ರಿಯ ನಿಶ್ಶಬ್ದದಲ್ಲಿ ಅದು ಕೇಳಿಸತೊಡಗುತ್ತದೆ. ಮಣಿಕಟ್ಟಿನ ನಾಡಿ ಹಿಡಿದು ಗಮನಿಸಿ: ಸದ್ದು ನಾಡಿಯ ತಾಳಕ್ಕೇ ಬರುತ್ತಿದ್ದರೆ ಅದರ ಮೂಲ ರಕ್ತದ ಹರಿವಿನಲ್ಲಿದೆ ಎಂದು ಶಂಕಿಸಬೇಕು. ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡಿದಾಗ ಒಳಭಾಗ ಕೆಂಪಗಿರದೆ ಬಿಳಿಚಿಕೊಂಡಿದ್ದರೆ ಶಂಕೆ ಇನ್ನೂ ಗಟ್ಟಿಯಾಗುತ್ತದೆ.

ಎಲ್ಲ ತಲೆಸುತ್ತನ್ನೂ ಹುಳುವಿನ ತಲೆಗೆ ಕಟ್ಟುವುದು ಸರಿಯೇ ಎಂಬ ಆಕ್ಷೇಪಕ್ಕೆ ತೂಕವಿದೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಕೆಲವು ಕ್ಷಣ ಮನೆಯೇ ಗಿರ್ರನೆ ತಿರುಗಿದಂತಾದರೆ ಅದು ಬಹುಮಟ್ಟಿಗೆ ಒಳಗಿವಿಯ ತೊಂದರೆ. ಒಂದೇ ಸಮನೆ ಕೀರಲು ಸದ್ದು ಕೇಳುತ್ತಿದ್ದರೆ ವಯಸ್ಸೋ ಯಂತ್ರಗಳ ಗದ್ದಲವೋ ಶ್ರವಣವನ್ನು ಸವೆಸಿರಬಹುದು. ನಾಡಿಯ ತಾಳದ ಸದ್ದು ಒಂದೇ ಕಿವಿಯಲ್ಲಿದ್ದರೆ ಕಿವಿ ವೈದ್ಯರು ನೋಡಲೇಬೇಕು. ರಕ್ತಹೀನತೆಗೂ ಹುಳುವೊಂದೇ ಕಾರಣವಲ್ಲ: ಹೆಚ್ಚು ಮುಟ್ಟು, ಹೆರಿಗೆ, ಮೂಲವ್ಯಾಧಿ, ಕರುಳಿನ ಹುಣ್ಣು ಅಥವಾ ಗಡ್ಡೆ ಇವೆಲ್ಲ ಸಾಲಿನಲ್ಲಿವೆ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ದೇಶದಲ್ಲಿ ಶೇ. 57, ಕರ್ನಾಟಕದಲ್ಲಿ ಸುಮಾರು ಶೇ. 48 ಮಂದಿಗೆ ರಕ್ತಹೀನತೆ ಇದೆ. ಇಷ್ಟು ಜನರ ನಡುವೆ, ಅಗ್ಗದ ಪರೀಕ್ಷೆಯಲ್ಲಿ ಸಿಕ್ಕುವ, ಅಗ್ಗದ ಮಾತ್ರೆಯಲ್ಲಿ ವಾಸಿಯಾಗುವ ಕಾರಣವನ್ನು ಹುಡುಕದೆ ಬಿಡುವುದು ನನಗೆ ಒಪ್ಪಿಗೆಯಾಗದ ಮಾತು.

ಜಂತುಹುಳು ನಿವಾರಣಾ ದಿನ ಇದೆಯಲ್ಲ ಎನ್ನುವವರಿದ್ದಾರೆ. 2015ರಿಂದ ನಡೆದಿರುವ ಈ ಕಾರ್ಯಕ್ರಮ ಒಳ್ಳೆಯದೇ, ಶಾಲೆಗಳಲ್ಲಿ ಬಹಳ ಉಪಕಾರ ಮಾಡಿದೆ. ಆದರೆ ಅದರ ಅಲ್ಬೆಂಡಜೋಲ್ ಮಾತ್ರೆ ಸಿಗುವುದು 1ರಿಂದ 19 ವಯಸ್ಸಿನವರಿಗೆ. ಕೊಕ್ಕೆಹುಳುವಾದರೋ ವಯಸ್ಕರಲ್ಲೂ ಧಾರಾಳವಾಗಿ ಕಾಣುತ್ತದೆ. ಮಣ್ಣಿನಲ್ಲಿ ದುಡಿಯುವ ನಲವತ್ತರ ಹೆಂಗಸು ಆ ಪಟ್ಟಿಯಲ್ಲೇ ಇಲ್ಲ.

ಹಾಗಾಗಿ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲೋ ತೋಟದಲ್ಲೋ ದುಡಿಯುವವರು ತಲೆಸುತ್ತು ಎಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ಹಿಮೋಗ್ಲೋಬಿನ್ ಮತ್ತು ಮಲ ಪರೀಕ್ಷೆ ಮಾಡಿಸಿ. ಮಲದ ಮಾದರಿಯನ್ನು ತಡಮಾಡದೆ ಕೊಡಿ, ಹೊತ್ತಾದರೆ ಮೊಟ್ಟೆ ಗುರುತು ಸಿಗುವುದಿಲ್ಲ. ಗರ್ಭಿಣಿಯಾಗಿದ್ದರೆ ಮಾತ್ರೆಗೆ ಮೊದಲೇ ವೈದ್ಯರಿಗೆ ತಿಳಿಸಿ. ಹುಳುವಿನ ಮಾತ್ರೆಯೊಂದರಿಂದಲೇ ಕಿವಿಯ ಸದ್ದು ನಿಲ್ಲದು. ಹಿಮೋಗ್ಲೋಬಿನ್ ಸರಿಹೋದ ಮೇಲೂ ಸುಮಾರು ಮೂರು ತಿಂಗಳು ಕಬ್ಬಿಣದ ಮಾತ್ರೆ ನುಂಗಬೇಕು, ಅದರ ಜೊತೆ ಚಹಾ, ಕಾಫಿ ಬೇಡ. ತೋಟಕ್ಕೆ ಇಳಿಯುವಾಗ ಕಾಲು ಮುಚ್ಚುವ ಬೂಟು ಕೊಡಿಸಿ. ಬರಿಗಾಲಲ್ಲಿ ಮತ್ತೆ ಅದೇ ಮಣ್ಣು ತುಳಿದರೆ ಹುಳು ಮತ್ತೆ ಹತ್ತುತ್ತದೆ.